ಮೌನವಾಗಿರುವ ವಂಶವಾಹಿಗಳು: ಹೆಟರೊಕ್ರೊಮ್ಯಾಟಿನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ವಿಷಯದ ಬಗ್ಗೆ ಕೇಳುವವರಲ್ಲಿ ಪದವಿ ವಿದ್ಯಾರ್ಥಿಗಳಿದ್ದಾರೆ, ಅವರಿಗೆ ಪಾಠ ಹೇಳುವ ಅಧ್ಯಾಪಕರಿದ್ದಾರೆ, ಮನೆಯವರ ವೈದ್ಯಕೀಯ ವರದಿಯಲ್ಲಿ ಈ ಪದ ಕಂಡು ಗಾಬರಿಯಾದವರೂ ಇದ್ದಾರೆ. ಪ್ರಶ್ನೆಗಳು ಮಾತ್ರ ಹೆಚ್ಚುಕಡಿಮೆ ಅವೇ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ಗಹನವಾದದ್ದು ಆಮೇಲೆ.

## ಮೊದಲ ಪರಿಚಯ

ಹೆಟರೊಕ್ರೊಮ್ಯಾಟಿನ್ ಎಂದರೇನು? ಪಠ್ಯಪುಸ್ತಕದ ವ್ಯಾಖ್ಯೆ ಬೇಡ, ಅರ್ಥವಾಗುವಂತೆ ಹೇಳಿ.

ನಮ್ಮ ಜೀವಕೋಶದ ಕೇಂದ್ರದಲ್ಲಿರುವ ಡಿಎನ್‌ಎ ಒಂಟಿಯಾಗಿ ಇರುವುದಿಲ್ಲ. ಹಿಸ್ಟೋನ್ ಎಂಬ ಪ್ರೋಟೀನ್‌ಗಳಿಗೆ ಸುತ್ತಿಕೊಂಡೇ ಇರುತ್ತದೆ. ಡಿಎನ್‌ಎ ಮತ್ತು ಪ್ರೋಟೀನ್ ಸೇರಿದ ಈ ವಸ್ತುವಿಗೆ ಕ್ರೊಮ್ಯಾಟಿನ್ ಎಂದು ಹೆಸರು. ಅದರ ಕೆಲವು ಭಾಗಗಳು ಸಡಿಲವಾಗಿ ಹರಡಿಕೊಂಡಿರುತ್ತವೆ, ಅಲ್ಲಿನ ವಂಶವಾಹಿಗಳನ್ನು ಕೋಶ ಓದಬಲ್ಲದು. ಇದು ಯೂಕ್ರೊಮ್ಯಾಟಿನ್. ಉಳಿದ ಕೆಲವು ಭಾಗಗಳು ಒತ್ತೊತ್ತಾಗಿ ಗಟ್ಟಿಯಾಗಿರುತ್ತವೆ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಪ್ಪಗೆ ಕಾಣುತ್ತವೆ, ಅಲ್ಲಿರುವ ವಂಶವಾಹಿಗಳು ಬಹುಮಟ್ಟಿಗೆ ಮೌನವಾಗಿರುತ್ತವೆ. ಇದು ಹೆಟರೊಕ್ರೊಮ್ಯಾಟಿನ್.

ಡಿಎನ್‌ಎಯ ಅಕ್ಷರಗಳು ಎರಡು ಕಡೆಯೂ ಅವೇ ನಾಲ್ಕು. ಬೇರೆಯಾಗುವುದು ಅದರ ಜೊತೆಗಿರುವ ಪ್ರೋಟೀನ್‌ಗಳು ಮತ್ತು ಅವುಗಳ ಮೇಲಿನ ರಾಸಾಯನಿಕ ಗುರುತುಗಳು.

ಎರಡು ಮೀಟರ್ ಡಿಎನ್‌ಎಯನ್ನು ಪುಟ್ಟ ಕೋಶದಲ್ಲಿ ತುಂಬಬೇಕು, ಅದಕ್ಕಾಗಿ ಮಡಚಿಡುತ್ತದೆ, ಅಷ್ಟೇ ಅಲ್ಲವೇ?

ಅಷ್ಟೇ ಅಲ್ಲ. ಮನುಷ್ಯನ ಒಂದು ಕೋಶದ ಡಿಎನ್‌ಎಯನ್ನು ಉದ್ದಕ್ಕೆ ಹಿಡಿದರೆ ಸುಮಾರು 2 ಮೀಟರ್ ಆಗುತ್ತದೆ ಎಂಬುದು ನಿಜ. ಎಂಟು ಹಿಸ್ಟೋನ್‌ಗಳ ಒಂದೊಂದು ಗುಂಪಿಗೆ ಸುಮಾರು 147 ಬೇಸ್ ಜೋಡಿಗಳಷ್ಟು (ಅಕ್ಷರಗಳ ಜೋಡಿಗಳಷ್ಟು) ಡಿಎನ್‌ಎ ಸುತ್ತಿಕೊಂಡು ನ್ಯೂಕ್ಲಿಯೊಸೋಮ್ ಆಗುತ್ತದೆ. ಆದರೆ ಈ ಸುತ್ತುವಿಕೆ ಎಲ್ಲ ಕಡೆಯೂ ಇದೆ, ಯೂಕ್ರೊಮ್ಯಾಟಿನ್‌ನಲ್ಲಿಯೂ ಇದೆ. ಜಾಗ ಉಳಿಸುವುದೇ ಗುರಿಯಾಗಿದ್ದರೆ ಯಾವ ಭಾಗ ಬಿಗಿ, ಯಾವ ಭಾಗ ಸಡಿಲ ಎಂಬ ಆಯ್ಕೆಯ ಅಗತ್ಯವೇ ಇರುತ್ತಿರಲಿಲ್ಲ. ಯಕೃತ್ತಿನ ಕೋಶ ಮತ್ತು ನರಕೋಶ ಎರಡರಲ್ಲೂ ಒಂದೇ ಡಿಎನ್‌ಎ ಇದೆ. ಯಾವುದನ್ನು ಮುಚ್ಚಿಡಬೇಕು ಎಂಬ ತೀರ್ಮಾನ ಮಾತ್ರ ಬೇರೆ ಬೇರೆ. ಹೆಟರೊಕ್ರೊಮ್ಯಾಟಿನ್ ಇರುವುದು ಆ ತೀರ್ಮಾನಕ್ಕಾಗಿ.

ಇದು ಇತ್ತೀಚಿನ ಸಂಶೋಧನೆಯೇ?

ಹೆಸರಿಗೆ ನೂರು ವರ್ಷ ಆಗುತ್ತಾ ಬಂತು. ಎಮಿಲ್ ಹೈಟ್ಸ್ ಎಂಬ ಸಸ್ಯವಿಜ್ಞಾನಿ ಪಾಚಿಯ ಹತ್ತಿರದ ಜಾತಿಯ ಪುಟ್ಟ ಸಸ್ಯಗಳ ಕೋಶಗಳಲ್ಲಿ ಒಂದು ವಿಷಯ ಗಮನಿಸಿದರು. ಕೋಶ ವಿಭಜನೆ ಮುಗಿದ ಮೇಲೆ ವರ್ಣತಂತುಗಳು ಬಿಚ್ಚಿಕೊಂಡು ಕಣ್ಣಿಗೆ ಕಾಣದಂತಾಗಬೇಕು. ಆದರೆ ಕೆಲವು ತುಂಡುಗಳು ಬಿಚ್ಚಿಕೊಳ್ಳದೆ ಹಾಗೆಯೇ ಉಳಿಯುತ್ತಿದ್ದವು. 1928ರಲ್ಲಿ ಅವರು ಅವುಗಳಿಗೆ ಹೆಟರೊಕ್ರೊಮ್ಯಾಟಿನ್ ಎಂದು ಹೆಸರಿಟ್ಟರು. ಅಲ್ಲಿ ವಂಶವಾಹಿಗಳು ಕೆಲಸ ಮಾಡುತ್ತಿಲ್ಲ ಎಂದು ಆಗಲೇ ಊಹಿಸಿದ್ದರು ಕೂಡ. ಡಿಎನ್‌ಎಯ ರಚನೆ ಗೊತ್ತಾಗುವುದಕ್ಕೆ ಇನ್ನೂ 25 ವರ್ಷ ಬಾಕಿ ಇದ್ದ ಕಾಲದ ಊಹೆ ಅದು. ಸೂಕ್ಷ್ಮದರ್ಶಕ ಮತ್ತು ಒಂದು ಬಣ್ಣ ಬಿಟ್ಟರೆ ಅವರ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ.

ಕೆಲಸಕ್ಕೆ ಬಾರದ 'ಜಂಕ್ ಡಿಎನ್‌ಎ' ಅಂದರೆ ಇದೇ ತಾನೇ?

ಈ ಮಾತನ್ನು ದಯವಿಟ್ಟು ಬಿಟ್ಟುಬಿಡಿ ಎಂದು ಕೇಳಿಕೊಳ್ಳುತ್ತೇನೆ. ಹೆಟರೊಕ್ರೊಮ್ಯಾಟಿನ್‌ನ ದೊಡ್ಡ ಪಾಲು ಒಂದೇ ಅಕ್ಷರಸರಣಿ ಸಾವಿರಾರು ಸಲ ಮರುಕಳಿಸುವ ಪ್ರದೇಶ. ನಮ್ಮ ವರ್ಣತಂತುಗಳಲ್ಲಿ, ವಿಭಜನೆಯ ಹೊತ್ತಿಗೆ ಅವನ್ನು ಹಿಡಿದೆಳೆಯುವ ಜಾಗವಾದ ಸೆಂಟ್ರೊಮಿಯರ್‌ಗಳಲ್ಲಿ ಸುಮಾರು 171 ಬೇಸ್ ಜೋಡಿಗಳ ಒಂದು ಘಟಕ ಹೀಗೆ ಮೈಲುಗಟ್ಟಲೆ ಎನ್ನುವಂತೆ ಸಾಲಾಗಿ ನಿಂತಿದೆ. ಇವನ್ನು ಓದಿ ಜೋಡಿಸುವುದು ಎಷ್ಟು ಕಷ್ಟವೆಂದರೆ, 2003ರಲ್ಲಿ ಮಾನವ ಜೀನೋಮ್ ಯೋಜನೆ ಮುಗಿಯಿತು ಎಂದು ಘೋಷಿಸಿದಾಗಲೂ ಈ ಭಾಗಗಳು ಬಹುತೇಕ ಖಾಲಿಯಾಗಿದ್ದವು. ಉಳಿದಿದ್ದ ಸುಮಾರು ಶೇ. 8ರಷ್ಟು ಭಾಗ ಪೂರ್ಣವಾಗಿ ಪ್ರಕಟವಾದದ್ದು 2022ರಲ್ಲಿ. ಓದಲಾಗದ್ದನ್ನು ಕಸವೆಂದು ಕರೆದದ್ದು ಆತುರವಾಯಿತು. ಸೆಂಟ್ರೊಮಿಯರ್ ಇಲ್ಲದೆ ಕೋಶ ಒಂದು ಸಲವೂ ಸರಿಯಾಗಿ ವಿಭಜನೆಯಾಗಲಾರದು.

ಶಾಶ್ವತ ಹೆಟರೊಕ್ರೊಮ್ಯಾಟಿನ್, ಐಚ್ಛಿಕ ಹೆಟರೊಕ್ರೊಮ್ಯಾಟಿನ್ ಅಂತ ಎರಡು ಬಗೆ ಹೇಳುತ್ತಾರಲ್ಲ, ಪರೀಕ್ಷೆಗೆ ಹೇಗೆ ಬರೆಯಲಿ?

ಎಲ್ಲ ಕೋಶಗಳಲ್ಲೂ ಯಾವಾಗಲೂ ಮುಚ್ಚಿರುವುದು ಶಾಶ್ವತ. ಸೆಂಟ್ರೊಮಿಯರ್‌ನ ಅಕ್ಕಪಕ್ಕ ಮತ್ತು ವರ್ಣತಂತುವಿನ ತುದಿಗಳು ಇದಕ್ಕೆ ಉದಾಹರಣೆ. ಇಲ್ಲಿನ ಮುಖ್ಯ ಗುರುತು, ಎಚ್3 ಹಿಸ್ಟೋನ್‌ನ 9ನೇ ಸ್ಥಾನದಲ್ಲಿರುವ ಲೈಸಿನ್ (ಪ್ರೋಟೀನಿನ ಒಂದು ಅಮೈನೊ ಆಮ್ಲ) ಮೇಲೆ ಮೀಥೈಲ್ ಎಂಬ ಮೂರು ಪುಟ್ಟ ರಾಸಾಯನಿಕ ಗುಂಪುಗಳು. ಬೆಳವಣಿಗೆಯ ಒಂದು ಹಂತದಲ್ಲಿ, ಒಂದು ಬಗೆಯ ಕೋಶದಲ್ಲಿ ಮಾತ್ರ ಮುಚ್ಚಿಕೊಳ್ಳುವುದು ಐಚ್ಛಿಕ. ಇಲ್ಲಿ ಸಾಮಾನ್ಯವಾಗಿ 27ನೇ ಲೈಸಿನ್ ಮೇಲೆ ಗುರುತು ಬೀಳುತ್ತದೆ, ಅದನ್ನು ಹಾಕುವುದು ಪಾಲಿಕೋಂಬ್ ಗುಂಪಿನ ಪ್ರೋಟೀನ್‌ಗಳು. ಪರೀಕ್ಷೆಗೆ ಇಷ್ಟು ಸಾಕು. ಪ್ರಯೋಗಾಲಯದಲ್ಲಿ ನೋಡುವಾಗ ಇವೆರಡರ ನಡುವಿನ ಗಡಿ ಇಷ್ಟು ನೇರವಾಗಿರುವುದಿಲ್ಲ.

## ಮೌನ ಹೇಗೆ ಬರುತ್ತದೆ, ಹೇಗೆ ಉಳಿಯುತ್ತದೆ

ವಂಶವಾಹಿ ಹೆಟರೊಕ್ರೊಮ್ಯಾಟಿನ್ ಪಕ್ಕಕ್ಕೆ ಸರಿದರೆ ಅದು ಕೆಲಸ ನಿಲ್ಲಿಸುತ್ತದೆ ಎನ್ನುತ್ತಾರೆ. ವಂಶವಾಹಿ ಕೆಟ್ಟಿಲ್ಲ ಎಂದ ಮೇಲೆ ಹಾಗೇಕೆ ಆಗಬೇಕು?

ಇದಕ್ಕೆ ಉತ್ತರ ಹಣ್ಣಿನ ನೊಣದ ಕಣ್ಣಿನಲ್ಲಿದೆ, ನನಗೆ ಈ ವಿಷಯದಲ್ಲೇ ಅತ್ಯಂತ ಪ್ರಿಯವಾದ ಪ್ರಯೋಗವೂ ಅದೇ. 1930ರಲ್ಲಿ ಹರ್ಮನ್ ಮುಲ್ಲರ್ ನೊಣಗಳಿಗೆ ಎಕ್ಸ್-ಕಿರಣ ಹಾಯಿಸಿದ ಪ್ರಯೋಗಗಳಲ್ಲಿ ಕೆಲವು ವಿಚಿತ್ರ ನೊಣಗಳು ಸಿಕ್ಕಿದವು. ಸಾಮಾನ್ಯ ನೊಣದ ಕಣ್ಣು ಪೂರ್ತಿ ಕೆಂಪು. ಬಣ್ಣದ ವಂಶವಾಹಿ ಹಾಳಾದರೆ ಪೂರ್ತಿ ಬಿಳಿ. ಇವುಗಳ ಕಣ್ಣಿನಲ್ಲಿ ಕೆಂಪು ಮತ್ತು ಬಿಳಿ ಮಚ್ಚೆಗಳು ಅಕ್ಕಪಕ್ಕದಲ್ಲಿದ್ದವು. ವಂಶವಾಹಿ ಹಾಳಾಗಿದ್ದರೆ ಕೆಂಪು ಎಲ್ಲಿಂದ ಬಂತು? ಚೆನ್ನಾಗಿದ್ದರೆ ಬಿಳಿ ಎಲ್ಲಿಂದ ಬಂತು?

ಆಗಿದ್ದದ್ದು ಇಷ್ಟು: ವಿಕಿರಣದಿಂದ ವರ್ಣತಂತು ತುಂಡಾಗಿ, ಒಂದು ಭಾಗ ತಿರುಗಿ ಅಂಟಿಕೊಂಡಿತ್ತು. ಕಣ್ಣಿನ ಬಣ್ಣದ ವಂಶವಾಹಿ ತಾನು ಸರಿಯಾಗಿಯೇ ಇದ್ದರೂ ಹೆಟರೊಕ್ರೊಮ್ಯಾಟಿನ್‌ನ ನೆರೆಗೆ ಬಂದು ಬಿದ್ದಿತ್ತು. ಕಣ್ಣು ರೂಪುಗೊಳ್ಳುವ ಹೊತ್ತಿನಲ್ಲಿ ಕೆಲವು ಕೋಶಗಳಲ್ಲಿ ಹೆಟರೊಕ್ರೊಮ್ಯಾಟಿನ್ ಆ ವಂಶವಾಹಿಯ ಮೇಲೂ ಹರಡಿ ಅದನ್ನು ಮುಚ್ಚಿತು, ಕೆಲವುದರಲ್ಲಿ ಅಲ್ಲಿಯವರೆಗೆ ತಲುಪಲಿಲ್ಲ. ಆ ಒಂದೊಂದು ಕೋಶದ ಸಂತತಿಯೂ ತನ್ನ ಪೂರ್ವಜ ಕೋಶದ ಸ್ಥಿತಿಯನ್ನೇ ಮುಂದುವರಿಸಿದ್ದರಿಂದ ಚುಕ್ಕೆಗಳ ಬದಲು ಮಚ್ಚೆಗಳು ಮೂಡಿದವು.

ನೊಣಗಳನ್ನು ತಂಪಿನಲ್ಲಿ ಬೆಳೆಸಿದರೆ ಬಿಳಿ ಹೆಚ್ಚುತ್ತದೆ, ಬೆಚ್ಚಗೆ ಬೆಳೆಸಿದರೆ ಕೆಂಪು ಹೆಚ್ಚುತ್ತದೆ. ನೊಣಕ್ಕೆ ಒಂದು ವೈ ವರ್ಣತಂತು ಹೆಚ್ಚಾಗಿ ಇದ್ದರೂ ಕೆಂಪು ಹೆಚ್ಚುತ್ತದೆ. ವೈ ಬಹುಪಾಲು ಹೆಟರೊಕ್ರೊಮ್ಯಾಟಿನ್ನೇ ಆದ್ದರಿಂದ ಮೌನಗೊಳಿಸುವ ಪ್ರೋಟೀನ್‌ಗಳನ್ನು ಅದು ತನ್ನ ಕಡೆಗೆ ಎಳೆದುಕೊಳ್ಳುತ್ತದೆ, ಬೇರೆ ಕಡೆಗೆ ಕೊರತೆ ಬೀಳುತ್ತದೆ. ಮೌನಕ್ಕೆ ಸಾಮಗ್ರಿ ಬೇಕು, ಆ ಸಾಮಗ್ರಿಗೆ ಮಿತಿ ಇದೆ ಎಂಬುದು ಇಷ್ಟರಿಂದಲೇ ಗೊತ್ತಾಯಿತು.

ಮುಚ್ಚುವ ಕೆಲಸ ಮಾಡುವ ಪ್ರೋಟೀನ್ ಯಾವುದು? ಹಂತ ಹಂತವಾಗಿ ಹೇಳಿ.

ಮೇಲಿನ ನೊಣಗಳನ್ನೇ ಬಳಸಿ, ಯಾವ ವಂಶವಾಹಿ ಕೆಟ್ಟರೆ ಬಿಳಿ ಮಚ್ಚೆ ಮಾಯವಾಗುತ್ತದೆ ಎಂದು ಹುಡುಕಿದಾಗ ಹಲವು ಹೆಸರುಗಳು ಸಿಕ್ಕವು. ಅವುಗಳಲ್ಲಿ ಒಂದಕ್ಕೆ ಮನುಷ್ಯರಲ್ಲಿರುವ ಜೋಡಿ ಎಸ್‌ಯುವಿ39ಎಚ್1. ಅದು ಎಚ್3 ಹಿಸ್ಟೋನ್‌ನ 9ನೇ ಲೈಸಿನ್‌ಗೆ ಮೀಥೈಲ್ ಅಂಟಿಸುವ ಕಿಣ್ವ ಎಂದು 2000ದಲ್ಲಿ ಥಾಮಸ್ ಯೆನುವೈನ್ ಅವರ ತಂಡ ತೋರಿಸಿತು. ಮರುವರ್ಷವೇ, ಎಚ್‌ಪಿ1 ಎಂಬ ಪ್ರೋಟೀನ್ ಆ ಗುರುತನ್ನು ಹಿಡಿದುಕೊಳ್ಳುತ್ತದೆ ಎಂದು ತಿಳಿಯಿತು.

ಹೀಗೆ ಕೆಲಸ ಸಾಗುತ್ತದೆ: ಮೊದಲು ಹಿಸ್ಟೋನ್ ಮೇಲಿನ ಅಸಿಟೈಲ್ ಎಂಬ, ವಂಶವಾಹಿಯನ್ನು ತೆರೆದಿಡುವ ಗುರುತನ್ನು ಒಂದು ಕಿಣ್ವ ಅಳಿಸುತ್ತದೆ. ಆ ಜಾಗಕ್ಕೆ ಮೀಥೈಲ್ ಬೀಳುತ್ತದೆ. ಮೀಥೈಲ್‌ಗೆ ಎಚ್‌ಪಿ1 ಬಂದು ಕೂರುತ್ತದೆ. ಎಚ್‌ಪಿ1 ಮತ್ತೆ ಮೀಥೈಲ್ ಅಂಟಿಸುವ ಕಿಣ್ವವನ್ನೇ ಕರೆತರುತ್ತದೆ, ಅದು ಪಕ್ಕದ ನ್ಯೂಕ್ಲಿಯೊಸೋಮ್‌ಗೂ ಗುರುತು ಹಾಕುತ್ತದೆ. ಹರಡುವಿಕೆಯ ಗುಟ್ಟು ಇದೇ.

ಎಚ್‌ಪಿ1 ಒಮ್ಮೆ ಕೂತರೆ ಅಲ್ಲೇ ಕಲ್ಲಿನಂತೆ ಇರುತ್ತದೆ ಎಂದು ಬಹಳ ಮಂದಿ ಭಾವಿಸುತ್ತಾರೆ. ಜೀವಂತ ಕೋಶಗಳಲ್ಲಿ ಅಳೆದು ನೋಡಿದರೆ ಅದರ ಒಂದೊಂದು ಅಣುವೂ ಸೆಕೆಂಡುಗಳ ಲೆಕ್ಕದಲ್ಲಿ ಬಂದು ಹೋಗುತ್ತಿರುತ್ತದೆ. ಮೌನವನ್ನು ಕೋಶ ಕ್ಷಣಕ್ಷಣವೂ ಹೊಸದಾಗಿ ಕಟ್ಟುತ್ತಿರಬೇಕು. ಈ ಪುಟದಲ್ಲಿ ಒಂದೇ ಒಂದು ವಿಷಯ ನೆನಪಿಡುವುದಾದರೆ ಇದನ್ನು ನೆನಪಿಡಿ.

ಪಕ್ಕಪಕ್ಕಕ್ಕೆ ಹರಡುತ್ತಾ ಹೋದರೆ ಇಡೀ ವರ್ಣತಂತು ಮುಚ್ಚಿಹೋಗಬೇಕಲ್ಲ?

ತಡೆಗಳಿವೆ. ಯೀಸ್ಟ್‌ನಲ್ಲಿ ಟಿ-ಆರ್‌ಎನ್‌ಎ ವಂಶವಾಹಿಗಳು ಗಡಿಕಲ್ಲಿನಂತೆ ನಿಂತಿವೆ. ಅಲ್ಲಿ ಓದುವ ಯಂತ್ರಾಂಗ ಸದಾ ದುಡಿಯುತ್ತಿರುವುದರಿಂದ ಹಿಸ್ಟೋನ್‌ಗಳಿಗೆ ನೆಲೆ ನಿಲ್ಲಲು ಬಿಡುವಿಲ್ಲ. ಮೀಥೈಲ್ ಅಳಿಸುವ ಕಿಣ್ವಗಳೂ ಇವೆ. ಮೇಲೆ ಹೇಳಿದಂತೆ ಪ್ರೋಟೀನ್‌ಗಳ ದಾಸ್ತಾನೂ ಅಷ್ಟಕ್ಕಷ್ಟೇ.

ಕೋಶ ಎರಡಾದಾಗ ಡಿಎನ್‌ಎ ನಕಲಾಗುತ್ತದೆ ಸರಿ. ಹಿಸ್ಟೋನ್ ಮೇಲಿನ ಗುರುತು ಹೇಗೆ ನಕಲಾಗುತ್ತದೆ?

ಹಳೆಯ ಹಿಸ್ಟೋನ್‌ಗಳು ತಮ್ಮ ಗುರುತಿನ ಸಮೇತ ಎರಡೂ ಹೊಸ ಎಳೆಗಳಿಗೆ ಹಂಚಿಕೆಯಾಗುತ್ತವೆ. ನಡುವಿನ ಖಾಲಿ ಜಾಗಗಳಿಗೆ ಗುರುತಿಲ್ಲದ ಹೊಸ ಹಿಸ್ಟೋನ್‌ಗಳು ಬರುತ್ತವೆ. ಹಳೆಯದರ ಗುರುತನ್ನು ಓದಿದ ಕಿಣ್ವ ಪಕ್ಕದ ಹೊಸದಕ್ಕೂ ಅದನ್ನೇ ಬರೆಯುತ್ತದೆ. ಡಿಎನ್‌ಎ ಮೇಲೆ ನೇರವಾಗಿ ಬೀಳುವ ಮೀಥೈಲ್‌ಗೆ ಬೇರೆ ಕಿಣ್ವವಿದೆ. ಅದು ಒಂದು ಎಳೆಯಲ್ಲಿ ಮಾತ್ರ ಮೀಥೈಲ್ ಇರುವ ಜಾಗ ಹುಡುಕಿ ಇನ್ನೊಂದಕ್ಕೂ ಅಂಟಿಸುತ್ತದೆ. ಮನುಷ್ಯರಲ್ಲಿ ಈ ಎರಡು ದಾರಿಗಳೂ ಒಂದಕ್ಕೊಂದು ಆಸರೆಯಾಗಿವೆ.

ಮೌನವಾಗಿರುವ ಜಾಗದಿಂದಲೇ, ವಂಶವಾಹಿಯನ್ನು ಓದಿದಾಗ ತಯಾರಾಗುವ ಆರ್‌ಎನ್‌ಎ ಬರುತ್ತದೆ ಎಂದು ಓದಿದೆ. ವಿರೋಧಾಭಾಸವಲ್ಲವೇ?

ಮೇಲ್ನೋಟಕ್ಕೆ ಹೌದು, 2002ರಲ್ಲಿ ಇದು ತಿಳಿದಾಗ ಸಂಶೋಧಕರಿಗೂ ಅಚ್ಚರಿಯಾಗಿತ್ತು. ಶಿವ್ ಗ್ರೇವಾಲ್ ಮತ್ತು ರಾಬ್ ಮಾರ್ಟಿಯೆನ್ಸನ್ ಅವರ ತಂಡಗಳು ನಡುವೆ ಸೀಳಿ ಎರಡಾಗುವ ವಿದಳನ ಯೀಸ್ಟ್‌ನಲ್ಲಿ ಕಂಡುಕೊಂಡದ್ದು ಇದು: ಸೆಂಟ್ರೊಮಿಯರ್‌ನ ಮರುಕಳಿಕೆಗಳಿಂದ ಕೊಂಚ ಆರ್‌ಎನ್‌ಎ ತಯಾರಾಗುತ್ತದೆ. ಆರ್‌ಎನ್‌ಎ ಹಸ್ತಕ್ಷೇಪ ವ್ಯವಸ್ಥೆ ಅದನ್ನು ಚಿಕ್ಕ ಚಿಕ್ಕ ತುಣುಕುಗಳಾಗಿ ಕತ್ತರಿಸುತ್ತದೆ. ಆ ತುಣುಕುಗಳು ತಾವು ಹುಟ್ಟಿದ ಜಾಗಕ್ಕೇ ಮರಳಿ, ಮೀಥೈಲ್ ಅಂಟಿಸುವ ಕಿಣ್ವಕ್ಕೆ ವಿಳಾಸ ತೋರಿಸುತ್ತವೆ. ಈ ವ್ಯವಸ್ಥೆಯ ವಂಶವಾಹಿಗಳನ್ನು ತೆಗೆದುಹಾಕಿದರೆ ಸೆಂಟ್ರೊಮಿಯರ್‌ನ ಮೌನ ಮುರಿಯುತ್ತದೆ. ಅಲ್ಲಿಗೆ, ಮೌನವಾಗಿ ಉಳಿಯಬೇಕಾದರೆ ಆ ಜಾಗ ತುಸುವಾದರೂ ಓದಿಸಿಕೊಳ್ಳಬೇಕು.

## ದೇಹದಲ್ಲಿ, ತೋಟದಲ್ಲಿ, ವರದಿಯಲ್ಲಿ

ಮೂರು ಬಣ್ಣದ ಬೆಕ್ಕು ಹೆಣ್ಣೇ ಆಗಿರುತ್ತದೆ ಎನ್ನುತ್ತಾರೆ, ನಿಜವೇ?

ಬಹುತೇಕ ನಿಜ. ಹೆಣ್ಣು ಸಸ್ತನಿಗೆ ಎರಡು ಎಕ್ಸ್ ವರ್ಣತಂತುಗಳಿವೆ, ಗಂಡಿಗೆ ಒಂದು. ಭ್ರೂಣದ ಆರಂಭದಲ್ಲಿ ಹೆಣ್ಣಿನ ಪ್ರತಿ ಕೋಶವೂ ತನ್ನ ಎರಡು ಎಕ್ಸ್‌ಗಳಲ್ಲಿ ಒಂದನ್ನು ಪೂರ್ತಿಯಾಗಿ ಹೆಟರೊಕ್ರೊಮ್ಯಾಟಿನ್ ಆಗಿಸುತ್ತದೆ. ಯಾವುದನ್ನು ಎಂಬುದು ಆಕಸ್ಮಿಕ. ಒಮ್ಮೆ ತೀರ್ಮಾನವಾದರೆ ಆ ಕೋಶದ ಸಂತತಿಗೆಲ್ಲ ಅದೇ. ಬೆಕ್ಕಿನ ಕಿತ್ತಳೆ ಬಣ್ಣವನ್ನು ನಿರ್ಧರಿಸುವ ಬದಲಾವಣೆ ಎಕ್ಸ್ ಮೇಲಿದೆ. ಒಂದು ಎಕ್ಸ್‌ನಲ್ಲಿ ಅದು ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ, ಮೈಮೇಲೆ ಕಿತ್ತಳೆ ಮತ್ತು ಕಪ್ಪು ಮಚ್ಚೆಗಳು ಮೂಡುತ್ತವೆ. ಬಿಳಿ ಬಣ್ಣ ಬೇರೆ ವಂಶವಾಹಿಯದು. ಅಪರೂಪಕ್ಕೆ ಗಂಡಿನಲ್ಲಿ ಈ ಬಣ್ಣಗಳು ಕಂಡರೆ ಅದಕ್ಕೆ ಸಾಮಾನ್ಯವಾಗಿ ಒಂದು ಎಕ್ಸ್ ಹೆಚ್ಚಿಗೆ ಇರುತ್ತದೆ.

2001ರ ಕೊನೆಯಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಮೊದಲ ತದ್ರೂಪಿ ಬೆಕ್ಕು ಹುಟ್ಟಿತು. ಕೋಶ ಕೊಟ್ಟ ಬೆಕ್ಕಿನ ಮೈಯಲ್ಲಿ ಕಿತ್ತಳೆ ಇತ್ತು, ಮರಿಯಲ್ಲಿ ಇರಲಿಲ್ಲ. ತೆಗೆದುಕೊಂಡ ಆ ಒಂದು ಕೋಶದಲ್ಲಿ ಕಿತ್ತಳೆಯ ಎಕ್ಸ್ ಮುಚ್ಚಿತ್ತು, ಮರಿಯಲ್ಲಿ ಅದು ಮತ್ತೆ ತೆರೆದುಕೊಳ್ಳಲಿಲ್ಲ.

ಬಾರ್ ಕಾಯ ನೋಡಿ ಹೆಣ್ಣೋ ಗಂಡೋ ಎಂದು ಹೇಳಬಹುದೇ?

ಮುಚ್ಚಿದ ಎಕ್ಸ್ ಕೋಶಕೇಂದ್ರದ ಅಂಚಿಗೆ ಅಂಟಿದ ಚಿಕ್ಕ ಕಪ್ಪು ಗುಪ್ಪೆಯಾಗಿ ಕಾಣುತ್ತದೆ. ಇದೇ ಬಾರ್ ಕಾಯ. ಕೆನಡಾದ ಮರ್ರೆ ಬಾರ್ ಮತ್ತು ಬರ್ಟ್ರಾಮ್ ಅದನ್ನು 1949ರಲ್ಲಿ ಬೆಕ್ಕಿನ ನರಕೋಶಗಳಲ್ಲಿ ಕಂಡರು. ಅದು ಮುಚ್ಚಿದ ಎಕ್ಸ್ ಎಂಬ ವಿವರಣೆಯನ್ನು 1961ರಲ್ಲಿ ಮೇರಿ ಲಯನ್ ಮುಂದಿಟ್ಟರು. ಅದು ಹೇಳುವುದು ಕೋಶದಲ್ಲಿ ಎಷ್ಟು ಎಕ್ಸ್ ಇವೆ ಎಂದು ಮಾತ್ರ. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಿಂದ ಮಹಿಳಾ ಕ್ರೀಡಾಪಟುಗಳ ಕೆನ್ನೆಯ ಒಳಗಿನಿಂದ ಕೋಶ ತೆಗೆದು ಈ ಗುಪ್ಪೆಯನ್ನು ಹುಡುಕುವ ಪರೀಕ್ಷೆ ಇತ್ತು. ಸ್ಪೇನಿನ ಹರ್ಡಲ್ಸ್ ಓಟಗಾರ್ತಿ ಮರಿಯಾ ಹೊಸೆ ಮಾರ್ಟಿನೆಸ್ ಪಟಿನ್ಯೊ ಅವರಲ್ಲಿ ಅದು ಕಾಣಲಿಲ್ಲ ಎಂದು 1985ರಲ್ಲಿ ಸ್ಪರ್ಧೆಯಿಂದ ಹೊರಗಿಟ್ಟರು. ಅವರಲ್ಲಿ ಎಕ್ಸ್ ಒಂದೇ ಇದ್ದರೂ, ದೇಹ ಟೆಸ್ಟೊಸ್ಟೆರಾನ್ ಎಂಬ ಗಂಡು ಹಾರ್ಮೋನಿಗೆ ಸ್ಪಂದಿಸದ ಕಾರಣ ಹೆಣ್ಣಾಗಿಯೇ ಬೆಳೆದಿತ್ತು. ಅವರು ಹೋರಾಡಿ 1988ರಲ್ಲಿ ಅರ್ಹತೆ ಮರಳಿ ಪಡೆದರು. ಒಂದು ಕಪ್ಪು ಚುಕ್ಕೆಯ ಮೇಲೆ ಒಬ್ಬರ ಬದುಕನ್ನು ನಿರ್ಣಯಿಸಿದ್ದು ವಿಜ್ಞಾನದ ದೃಷ್ಟಿಯಿಂದಲೂ ತಪ್ಪು, ಮನುಷ್ಯತ್ವದ ದೃಷ್ಟಿಯಿಂದಲೂ ತಪ್ಪು.

ನಮ್ಮ ತೋಟದ ಹಿಟ್ಟು ತಿಗಣೆಗೂ ಹೆಟರೊಕ್ರೊಮ್ಯಾಟಿನ್‌ಗೂ ಸಂಬಂಧ ಇದೆಯಂತೆ?

ಇದೆ. ಕಾಫಿ, ನಿಂಬೆ, ಹಿಪ್ಪುನೇರಳೆ ಬೆಳೆಯುವವರು ಶಪಿಸುವ ಈ ಬಿಳಿ ಕೀಟದ ಬದುಕು ತಳಿವಿಜ್ಞಾನದ ವಿಸ್ಮಯಗಳಲ್ಲೊಂದು. ನಿಂಬೆಯ ಹಿಟ್ಟು ತಿಗಣೆಗೆ 10 ವರ್ಣತಂತುಗಳು. ಐದು ತಾಯಿಯಿಂದ, ಐದು ತಂದೆಯಿಂದ. ಹೆಣ್ಣಿನಲ್ಲಿ ಹತ್ತೂ ಕೆಲಸ ಮಾಡುತ್ತವೆ. ಗಂಡಾಗಲಿರುವ ಭ್ರೂಣದಲ್ಲಿ ಮಾತ್ರ ತಂದೆಯಿಂದ ಬಂದ ಐದೂ ಒಟ್ಟಿಗೆ ಹೆಟರೊಕ್ರೊಮ್ಯಾಟಿನ್ ಆಗಿ ಗುಪ್ಪೆಗೂಡುತ್ತವೆ. ಆ ಗಂಡು ಬೆಳೆದು ವೀರ್ಯಾಣು ಉತ್ಪಾದಿಸುವಾಗ ತಂದೆಯ ಕಂತೆ ಹೊರಬೀಳುತ್ತದೆ, ಮುಂದಿನ ಪೀಳಿಗೆಗೆ ಹೋಗುವುದು ಅಜ್ಜಿಯ ಕಂತೆ ಮಾತ್ರ.

ಇದನ್ನು ಸಾಬೀತು ಮಾಡಿದ ರೀತಿಯೂ ಚೆನ್ನಾಗಿದೆ. ತಂದೆಗೆ ಎಕ್ಸ್-ಕಿರಣ ಹಾಯಿಸಿ ಕೂಡಿಸಿದಾಗ ಹೆಣ್ಣು ಮರಿಗಳು ಸತ್ತವು, ಗಂಡು ಮರಿಗಳು ಬದುಕಿದವು. ಗಂಡಿನಲ್ಲಿ ತಂದೆಯ ವರ್ಣತಂತುಗಳು ಹೇಗೂ ಮೌನವಾಗಿರುವುದರಿಂದ ಅವುಗಳಿಗಾದ ಹಾನಿ ತಟ್ಟಲಿಲ್ಲ. ಬರ್ಕ್ಲಿಯಲ್ಲಿ ಸ್ಪೆನ್ಸರ್ ಬ್ರೌನ್ ಅವರ ಬಳಿ ಬೆಳೆದ ಈ ವಿಷಯವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಚ್. ಶರತ್ ಚಂದ್ರ ಮುಂದುವರಿಸಿದರು. ಹಿಟ್ಟು ತಿಗಣೆಯಲ್ಲಿ ಕಂಡ ಮುದ್ರೆಯೊತ್ತುವ ಕ್ರಮವನ್ನು ಸಸ್ತನಿಗಳ ಎಕ್ಸ್ ಜೊತೆಗಿಟ್ಟು ಯೋಚಿಸಿದ ಚಂದ್ರ ಮತ್ತು ಬ್ರೌನ್ ಅವರ ಲೇಖನ 1975ರಲ್ಲಿ ಪ್ರಕಟವಾಯಿತು. ಒಂದೇ ವರ್ಣತಂತು ತಾನು ಯಾರಿಂದ ಬಂದೆ ಎಂಬುದನ್ನು ನೆನಪಿಟ್ಟುಕೊಳ್ಳುತ್ತದೆ ಎಂಬ ಮಾತು ಆಗ ಎಲ್ಲರಿಗೂ ಸುಲಭವಾಗಿ ಒಪ್ಪಿಗೆಯಾಗುವಂಥದ್ದಾಗಿರಲಿಲ್ಲ.

ಕ್ಯಾರಿಯೊಟೈಪ್ (ವರ್ಣತಂತುಗಳ ಪರೀಕ್ಷೆ) ವರದಿಯಲ್ಲಿ '9 ಕ್ಯೂಎಚ್ ಪ್ಲಸ್' ಎಂದು ಬಂದಿದೆ. ಮಗುವಿಗೆ ತೊಂದರೆಯಾಗುತ್ತದೆಯೇ?

ಇದರರ್ಥ, 9ನೇ ವರ್ಣತಂತುವಿನ ಉದ್ದದ ತೋಳಿನಲ್ಲಿ ಸೆಂಟ್ರೊಮಿಯರ್ ಬಳಿಯ ಹೆಟರೊಕ್ರೊಮ್ಯಾಟಿನ್ ಸಾಮಾನ್ಯಕ್ಕಿಂತ ಉದ್ದವಾಗಿದೆ ಎಂದು. 1, 9, 16ನೇ ವರ್ಣತಂತುಗಳಲ್ಲಿ ಮತ್ತು ವೈನಲ್ಲಿ ಈ ಭಾಗದ ಉದ್ದ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುತ್ತದೆ. ಹೆಚ್ಚಾಗಿ ತಂದೆ ಅಥವಾ ತಾಯಿಯಿಂದ ಬಂದಿರುತ್ತದೆ. ಇದನ್ನು ಸಾಮಾನ್ಯ ವ್ಯತ್ಯಾಸವೆಂದೇ ಪರಿಗಣಿಸುತ್ತಾರೆ, ಕಾಯಿಲೆ ಎಂದಲ್ಲ. ಗರ್ಭಪಾತ ಅಥವಾ ಬಂಜೆತನಕ್ಕೆ ನಂಟು ಹುಡುಕಿದ ಅಧ್ಯಯನಗಳಿವೆ, ಅವುಗಳ ಫಲಿತಾಂಶ ಒಂದಕ್ಕೊಂದು ಹೊಂದುವುದಿಲ್ಲ. ಇದೊಂದೇ ಸಾಲಿನ ಆಧಾರದ ಮೇಲೆ ಯಾವ ತೀರ್ಮಾನಕ್ಕೂ ಬರಬೇಡಿ. ಇಬ್ಬರ ವರದಿಯನ್ನೂ ತೆಗೆದುಕೊಂಡು ತಳಿ ಸಲಹೆಗಾರರನ್ನು ಕಾಣಿ.

## ಇನ್ನೂ ಆಳಕ್ಕೆ

ವಂಶವಾಹಿಯೇ ಇಲ್ಲದ ಮರುಕಳಿಕೆಗಳನ್ನು ಮುಚ್ಚಿ ಕೋಶಕ್ಕೆ ಏನು ಲಾಭ?

ಮೂರು ಲಾಭಗಳು ಚೆನ್ನಾಗಿ ಗೊತ್ತಿವೆ. ಜಾಗದಿಂದ ಜಾಗಕ್ಕೆ ನೆಗೆಯುವ ಡಿಎನ್‌ಎ ತುಣುಕುಗಳನ್ನು ಅದು ಕಟ್ಟಿಹಾಕುತ್ತದೆ. ಒಂದೇ ಬಗೆಯ ಮರುಕಳಿಕೆಗಳು ತಪ್ಪಾಗಿ ಅದಲುಬದಲಾಗದಂತೆ ತಡೆಯುತ್ತದೆ. ವಿದಳನ ಯೀಸ್ಟ್‌ನಲ್ಲಿ, ನಕಲಾದ ವರ್ಣತಂತುಗಳನ್ನು ಹೊತ್ತಾಗುವವರೆಗೆ ಜೊತೆಯಾಗಿ ಹಿಡಿದಿಡುವ ಕೊಹೆಸಿನ್ ಅನ್ನು ಸೆಂಟ್ರೊಮಿಯರ್ ಬಳಿಗೆ ಕರೆತರುತ್ತದೆ. ಮೇಲೆ ಹೇಳಿದ ಎಸ್‌ಯುವಿ39ಎಚ್1 ಮತ್ತು ಅದೇ ಕೆಲಸದ ಅದರ ಜೋಡಿ ಕಿಣ್ವ ಎರಡನ್ನೂ ಕಳೆದುಕೊಂಡ ಇಲಿಗಳಲ್ಲಿ ವರ್ಣತಂತುಗಳ ಹಂಚಿಕೆ ತಪ್ಪುತ್ತದೆ, ರಕ್ತಕೋಶದ ಗೆಡ್ಡೆಗಳು ಹೆಚ್ಚುತ್ತವೆ.

ಹೆಟರೊಕ್ರೊಮ್ಯಾಟಿನ್ ಯಾವಾಗಲೂ ಕೋಶಕೇಂದ್ರದ ಅಂಚಿನಲ್ಲೇ ಇರುತ್ತದೆಯೇ?

ಸಾಮಾನ್ಯವಾಗಿ ಅಂಚಿನಲ್ಲಿ, ಒಳಪೊರೆಗೆ ತಾಗಿದ ಲ್ಯಾಮಿನ್ ಪ್ರೋಟೀನಿನ ಜಾಲಕ್ಕೆ ಅಂಟಿಕೊಂಡಿರುತ್ತದೆ. ಇಲಿಯಂಥ ನಿಶಾಚರ ಪ್ರಾಣಿಗಳ ಕಣ್ಣಿನಲ್ಲಿ ಮಂದ ಬೆಳಕನ್ನು ಗ್ರಹಿಸುವ ದಂಡಕೋಶಗಳಲ್ಲಿ ಇದು ತಲೆಕೆಳಗಾಗಿದೆ: ಹೆಟರೊಕ್ರೊಮ್ಯಾಟಿನ್ ನಟ್ಟನಡುವೆ, ಸಡಿಲ ಭಾಗ ಹೊರಗೆ. 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಹೀಗೆ ಜೋಡಣೆಯಾದ ಕೋಶಕೇಂದ್ರ ಮಸೂರದಂತೆ ಬೆಳಕನ್ನು ಕೂಡಿಸಿ ಮುಂದಕ್ಕೆ ಕಳುಹಿಸುತ್ತದೆ, ಚದುರಿ ಹೋಗಲು ಬಿಡುವುದಿಲ್ಲ. ವಂಶವಾಹಿಗಳನ್ನು ಮುಚ್ಚಲೆಂದು ಇರುವ ವಸ್ತು ಕತ್ತಲಲ್ಲಿ ನೋಡಲು ಒದಗುತ್ತಿದೆ.

ಮೌನ ಮುರಿದರೆ ಯಾವ ಕಾಯಿಲೆ ಬರುತ್ತದೆ?

ಎರಡೂ ಕಡೆಗೆ ತಪ್ಪಬಹುದು. ಮುಖ, ಭುಜ, ತೋಳುಗಳ ಸ್ನಾಯು ಸೊರಗುವ ಒಂದು ಆನುವಂಶಿಕ ಕಾಯಿಲೆಯಲ್ಲಿ, 4ನೇ ವರ್ಣತಂತುವಿನ ತುದಿಯ ಮರುಕಳಿಕೆಗಳು ಕಡಿಮೆಯಾಗಿರುತ್ತವೆ. ಆರೋಗ್ಯವಂತರಲ್ಲಿ ಅವು 11ರಿಂದ 100, ರೋಗಿಗಳಲ್ಲಿ 10 ಅಥವಾ ಅದಕ್ಕಿಂತ ಕಡಿಮೆ. ಮರುಕಳಿಕೆ ಕಡಿಮೆಯಾದಂತೆ ಹೆಟರೊಕ್ರೊಮ್ಯಾಟಿನ್ ಸಡಿಲವಾಗಿ, ಸ್ನಾಯುವಿನಲ್ಲಿ ಮೌನವಾಗಿರಬೇಕಾದ ಡಿಯುಎಕ್ಸ್4 ಎಂಬ ವಂಶವಾಹಿ ಎಚ್ಚರಗೊಂಡು ಕೋಶಕ್ಕೆ ವಿಷವಾಗುತ್ತದೆ. ಬುದ್ಧಿಯ ಬೆಳವಣಿಗೆ ಕುಂಠಿತವಾಗುವ ಫ್ರಜೈಲ್ ಎಕ್ಸ್‌ನಲ್ಲಿ ಇದಕ್ಕೆ ವಿರುದ್ಧ. ಅಲ್ಲಿ ಒಂದು ಮೂರಕ್ಷರದ ಮರುಕಳಿಕೆ 200ನ್ನು ಮೀರಿ, ಮಿದುಳಿಗೆ ಬೇಕಾದ ವಂಶವಾಹಿಯೇ ಮುಚ್ಚಿಹೋಗುತ್ತದೆ.

ವಯಸ್ಸಾದಂತೆ ಇದು ಕರಗುತ್ತದಂತೆ. ಮಾತ್ರೆ, ಆಹಾರದಿಂದ ಸರಿಪಡಿಸಬಹುದೇ?

ಮಕ್ಕಳಿಗೆ ಅಕಾಲ ಮುಪ್ಪು ತರುವ ಪ್ರೊಜೀರಿಯಾದಲ್ಲಿ ಲ್ಯಾಮಿನ್ ಕೆಟ್ಟು ಹೆಟರೊಕ್ರೊಮ್ಯಾಟಿನ್ ಕಳೆದುಹೋಗುವುದು ನಿಜ. ಆದರೆ ವಿಭಜನೆ ನಿಲ್ಲಿಸಿದ ಕೆಲವು ಮುದಿ ಕೋಶಗಳಲ್ಲಿ ಹೊಸ ಹೆಟರೊಕ್ರೊಮ್ಯಾಟಿನ್ ಗುಪ್ಪೆಗಳೂ ಕಾಣಿಸಿಕೊಳ್ಳುತ್ತವೆ. 'ಕರಗಿತು, ಮುಪ್ಪಾಯಿತು' ಎಂಬಷ್ಟು ಸರಳವಲ್ಲ. ಎಪಿಜೆನೆಟಿಕ್ (ಡಿಎನ್‌ಎಯ ಅಕ್ಷರ ಬದಲಿಸದ ಇಂಥ ಗುರುತುಗಳ) ಹೆಸರು ಹೇಳಿ ಮಾರುವ ಪುಡಿ, ಮಾತ್ರೆಗಳಿಗೆ ಹಣ ಸುರಿಯಬೇಡಿ. ಈ ಗುರುತುಗಳನ್ನು ಬದಲಿಸುವ ನಿಜವಾದ ಔಷಧಗಳಿವೆ: ಡಿಎನ್‌ಎ ಮೀಥೈಲ್ ತಗ್ಗಿಸುವ ಅಜಾಸಿಟಿಡಿನ್‌ಗೆ 2004ರಲ್ಲಿ, ಪಾಲಿಕೋಂಬ್ ಕಿಣ್ವವನ್ನು ತಡೆಯುವ ಟಾಜೆಮೆಟೊಸ್ಟಾಟ್‌ಗೆ 2020ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಎರಡೂ ಕ್ಯಾನ್ಸರ್ ತಜ್ಞರು ಕೊಡುವಂಥವು, ಯೌವನಕ್ಕಾಗಿ ಅಲ್ಲ.

ಹೆಟರೊಕ್ರೊಮ್ಯಾಟಿನ್ ದ್ರವದ ಹನಿ ಎನ್ನುವುದು ಸರಿಯೇ?

2017ರಲ್ಲಿ ಗೀತಾ ನಾರ್ಲಿಕರ್ ಮತ್ತು ಗ್ಯಾರಿ ಕಾರ್ಪೆನ್ ಅವರ ತಂಡಗಳು ಎಚ್‌ಪಿ1 ನೀರಿನಲ್ಲಿ ಎಣ್ಣೆಯಂತೆ ಬೇರೆಯಾಗಿ ಹನಿಗಟ್ಟುತ್ತದೆ ಎಂದು ತೋರಿಸಿದವು. ಇಲಿಯ ಕೋಶಗಳಲ್ಲಿ ನಂತರ ನಡೆದ ಅಳತೆಗಳು ಇದನ್ನು ಪೂರ್ತಿ ಒಪ್ಪಲಿಲ್ಲ, ಕ್ರೊಮ್ಯಾಟಿನ್ ಹೆಚ್ಚು ಘನದಂತೆ ವರ್ತಿಸುತ್ತದೆ ಎಂದವು. ಪ್ರೋಟೀನ್ ಹರಿದಾಡುತ್ತದೆ, ಡಿಎನ್‌ಎ ಅಷ್ಟಾಗಿ ಕದಲುವುದಿಲ್ಲ ಎಂಬ ನಡುವಿನ ಚಿತ್ರವೇ ನನಗೆ ಹೆಚ್ಚು ಹೊಂದುತ್ತದೆ ಎನಿಸುತ್ತದೆ. ಚರ್ಚೆ ಮುಗಿದಿಲ್ಲ.

ಕಾಲೇಜಿನ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಇದನ್ನು ನಾವೇ ನೋಡಬಹುದೇ?

ಖಂಡಿತ. ಹಣ್ಣಿನ ನೊಣದ ಮೂರನೇ ಹಂತದ ದಪ್ಪ ಮರಿಹುಳುವಿನ ಜೊಲ್ಲುಗ್ರಂಥಿ ತೆಗೆದು, ಅಸಿಟೊ-ಆರ್ಸಿನ್‌ನಲ್ಲಿ ಬಣ್ಣ ಹಿಡಿಸಿ, ಕವರ್‌ಸ್ಲಿಪ್ ಇಟ್ಟು ಹೆಬ್ಬೆರಳಿನಿಂದ ಒತ್ತಿ. ಪಟ್ಟೆಪಟ್ಟೆಯ ದೈತ್ಯ ವರ್ಣತಂತುಗಳ ತೋಳುಗಳೆಲ್ಲ ಒಂದು ಕಡೆ ಕೂಡುತ್ತವೆ, ಆ ಕೂಡುವ ಜಾಗವೇ ಹೆಟರೊಕ್ರೊಮ್ಯಾಟಿನ್. ನಿರೀಕ್ಷಿಸಿದ್ದಕ್ಕಿಂತ ಚಿಕ್ಕದಾಗಿ ಕಂಡರೆ ಹೆದರಬೇಡಿ. ತೋಳುಗಳ ಡಿಎನ್‌ಎ ಸುಮಾರು ಸಾವಿರ ಪಟ್ಟು ನಕಲಾಗಿರುತ್ತದೆ, ಇಲ್ಲಿಯದು ಹಾಗೆ ನಕಲಾಗುವುದಿಲ್ಲ.

ಹಿಟ್ಟು ತಿಗಣೆ ಸಿಕ್ಕರೆ ಇನ್ನೂ ಸುಲಭ. ಮೊಟ್ಟೆ ತುಂಬಿದ ಹೆಣ್ಣೊಂದನ್ನು ಆರಿಸಿ, ಅದೇ ಬಣ್ಣದ ಹನಿಯಲ್ಲಿ ಭ್ರೂಣಗಳನ್ನು ಬಿಡಿಸಿ ಒತ್ತಿ. ಕೋಶಕೇಂದ್ರದಲ್ಲೆಲ್ಲ ಬಣ್ಣ ಸಮನಾಗಿ ಹರಡಿದ್ದರೆ ಅದು ಹೆಣ್ಣು ಭ್ರೂಣ, ಪ್ರತಿಯೊಂದರಲ್ಲೂ ಒಂದು ಕಪ್ಪು ಗುಪ್ಪೆ ಇದ್ದರೆ ಗಂಡು. ತೀರ ಎಳೆಯ ಭ್ರೂಣಗಳಲ್ಲಿ ಗುಪ್ಪೆ ಇನ್ನೂ ಮೂಡಿರುವುದಿಲ್ಲ, ಹಾಗಾಗಿ ಒಂದೇ ಸ್ಲೈಡ್ ನೋಡಿ ಎಲ್ಲ ಹೆಣ್ಣೆಂದು ಬರೆದುಕೊಳ್ಳದೆ ನಾಲ್ಕಾರು ತಾಯಂದಿರ ಭ್ರೂಣಗಳನ್ನು ನೋಡಿ. ಕವರ್‌ಸ್ಲಿಪ್‌ನ ಅಂಚಿಗೆ ಉಗುರುಬಣ್ಣ ಹಚ್ಚಿದರೆ ಸ್ಲೈಡ್ ಬೇಗ ಒಣಗುವುದಿಲ್ಲ.